ಮನೆಯಲ್ಲೇ ಹೊಲಿದ ಬ್ಯಾಗಿನ ಹೆಗಲಪಟ್ಟಿಗೆ ಯಾವ ಫೋಮ್ ಹಾಕಬೇಕು?

ಶಿರಸಿ ಹತ್ತಿರದ ಹಳ್ಳಿಯಿಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ:

"ನಾನು ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಕಳೆದ ವರ್ಷ ಆಸೆಪಟ್ಟು ನನಗೇ ಒಂದು ಟ್ರೆಕ್ಕಿಂಗ್ ಬ್ಯಾಗು ಹೊಲಿದುಕೊಂಡೆ, ಸುಮಾರು 35 ಲೀಟರಿನದು. ಹೆಗಲಪಟ್ಟಿಯೊಳಗೆ ಹಳೇ ಸೋಫಾದ ಸ್ಪಂಜು ಹಾಕಿದ್ದೆ, ಒಂದಿಂಚು ದಪ್ಪದ್ದು. ಮನೆಯಲ್ಲಿ ಹಾಕಿ ನೋಡಿದಾಗ ಹತ್ತಿಯ ಹಾಗಿತ್ತು. ನವೆಂಬರ್‌ನಲ್ಲಿ ಕುಮಾರ ಪರ್ವತಕ್ಕೆ ಹೋದೆವು. ಬ್ಯಾಗಿನ ಭಾರ 9 ಕೆಜಿ. ದಾರಿ ಮಧ್ಯದ ಗಿರಿಗದ್ದೆ ಮುಟ್ಟುವಷ್ಟರಲ್ಲಿ ಹೆಗಲು ಉರಿಯುತ್ತಿತ್ತು, ಪಟ್ಟಿಯ ಅಂಚು ಕತ್ತಿಗೆ ಒತ್ತಿ ಕೆಂಪಾಗಿತ್ತು, ಎಡಗೈ ಬೆರಳು ಜುಮ್ ಅನ್ನುತ್ತಿತ್ತು. ಸಂಜೆ ಮಳೆ ಬಂತು, ಪಟ್ಟಿ ನೀರು ಕುಡಿದು ಎರಡು ದಿನ ಒಣಗಲೇ ಇಲ್ಲ, ಈಗಲೂ ಮುಗ್ಗಲು ವಾಸನೆ. ಫೋಮ್ ಅಂಗಡಿಯವರು 40 ಡೆನ್ಸಿಟಿ ಹಾಕಿ, ಇಲ್ಲಾಂದ್ರೆ ಮೆಮೊರಿ ಫೋಮ್ ಹಾಕಿ ಅಂದರು. ನಮ್ಮ ಅಣ್ಣ ಯೋಗ ಮ್ಯಾಟ್ ಕತ್ತರಿಸು ಅನ್ನುತ್ತಾನೆ. ಗೆಳತಿ ಟಿವಿ ಬಾಕ್ಸ್‌ನಲ್ಲಿ ಬರುವ ಬಿಳಿ ಶೀಟು ಸಾಕು ಅನ್ನುತ್ತಾಳೆ. ಯಾರ ಮಾತು ಕೇಳಲಿ? ಮಗನಿಗೆ ಶಾಲೆ ಬ್ಯಾಗೂ ಹೊಲಿಯಬೇಕು. ಅದಕ್ಕೂ ಇದೇ ಫೋಮ್ ನಡೆಯುತ್ತದಾ?"

ಮೊದಲು ಬೆರಳಿನ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಫೋಮ್‌ಗಿಂತ ಅದು ಮುಖ್ಯ. ಕತ್ತಿನಿಂದ ಹೊರಟು ತೋಳಿಗೆ ಹೋಗುವ ನರಗಳ ಗೊಂಚಲು ಕಾಲರ್ ಮೂಳೆಯ ಹಿಂದೆ ಹಾದುಹೋಗುತ್ತದೆ. ಹೆಗಲಪಟ್ಟಿ ಕೂರುವುದು ಸರಿಯಾಗಿ ಅದರ ಮೇಲೆಯೇ. ಗಂಟೆಗಟ್ಟಲೆ ಒತ್ತಿದರೆ ಬೆರಳು ಜುಮ್ ಅನ್ನುತ್ತದೆ, ಜಾಸ್ತಿಯಾದರೆ ತೋಳೇ ಸೋಲುತ್ತದೆ. ಭಾರದ ಬ್ಯಾಗು ಹೊರುವ ಸೈನಿಕರಲ್ಲಿ, ಚಾರಣಿಗರಲ್ಲಿ ಇದು ಗೊತ್ತಿರುವ ತೊಂದರೆ. ವೈದ್ಯರು ಇದನ್ನು ರಕ್‌ಸ್ಯಾಕ್ ಪಾಲ್ಸಿ ಅನ್ನುತ್ತಾರೆ. ಬ್ಯಾಗು ಇಳಿಸಿದ ಸ್ವಲ್ಪ ಹೊತ್ತಿಗೆ ನಿಮ್ಮ ಬೆರಳು ಸರಿಹೋಗಿದ್ದರೆ ಪಟ್ಟಿ ಬದಲಿಸಿದರೆ ಸಾಕು. ಮರುದಿನವೂ ಮರಗಟ್ಟಿದ್ದರೆ, ತೋಳು ಎತ್ತಲು ಶಕ್ತಿ ಸಾಲುತ್ತಿಲ್ಲ ಅನ್ನಿಸಿದ್ದರೆ, ದಯವಿಟ್ಟು ಡಾಕ್ಟರಿಗೆ ತೋರಿಸಿ. ನಾನು ಬ್ಯಾಗು ಹೊಲಿಯುವವನು, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಈಗ ಪಟ್ಟಿಗೆ ಬರೋಣ. ನೀವು ಕೇಳಿದ್ದು ಯಾವ ಫೋಮ್ ಅಂತ. ಅದಕ್ಕೂ ಮುಂಚೆ ಆ ಫೋಮ್‌ಗೆ ಅಲ್ಲೇನು ಕೆಲಸ ಅನ್ನುವುದು ಗೊತ್ತಾಗಬೇಕು.

ನಿಮ್ಮ ಕಡೆ ಸೊಪ್ಪಿನ ಹೊರೆ ಹೊರುವಾಗ ತಲೆ ಮೇಲೆ ಸಿಂಬಿ ಇಟ್ಟುಕೊಳ್ಳುತ್ತಾರಲ್ವಾ. ಸಿಂಬಿಯನ್ನು ಯಾರೂ ಸಡಿಲವಾಗಿ ಸುತ್ತುವುದಿಲ್ಲ. ಬಟ್ಟೆಯನ್ನು ಹಿಂಡಿ, ಬಿಗಿಯಾಗಿ ಹುರಿಹಾಕಿ ಸುತ್ತುತ್ತಾರೆ. ಸಡಿಲವಾಗಿದ್ದರೆ ಹೊರೆ ಇಟ್ಟ ತಕ್ಷಣ ಚಪ್ಪಟೆಯಾಗಿ, ಭಾರ ನೆತ್ತಿಯ ಒಂದೇ ಕಡೆ ಕುಟುಕುತ್ತದೆ. ಬಿಗಿ ಸಿಂಬಿ ಕೈಗೆ ಗಟ್ಟಿ ಅನ್ನಿಸುತ್ತದೆ, ಆದರೆ ಭಾರವನ್ನು ತನ್ನ ಇಡೀ ಸುತ್ತಳತೆಗೆ ಹಂಚುತ್ತದೆ. ಹೆಗಲಪಟ್ಟಿಯ ಫೋಮ್‌ಗೂ ಕೆಲಸ ಅದೇ. ಅದು ಹಾಸಿಗೆಯಲ್ಲ, ಸಿಂಬಿ.

ಭಾರ ಹೊರುವುದು ಫೋಮ್ ಅಲ್ಲ, ಪಟ್ಟಿಯ ಬಟ್ಟೆ ಮತ್ತು ಅದರ ಮೇಲೆ ಉದ್ದಕ್ಕೆ ಹೊಲಿಯುವ ಬೆಲ್ಟು. ಆ ಭಾರವನ್ನು ಅಗಲಕ್ಕೆ ಹರಡುವುದಷ್ಟೇ ಫೋಮ್‌ನ ಕೆಲಸ. ಒಂದು ಒರಟು ಲೆಕ್ಕ ಹಾಕಿ. ನಿಮ್ಮ ಪಟ್ಟಿ 7 ಸೆಂಟಿಮೀಟರ್ ಅಗಲ, ಹೆಗಲ ಮೇಲೆ 15 ಸೆಂಟಿಮೀಟರ್ ಉದ್ದ ಕೂರುತ್ತದೆ ಅಂದುಕೊಳ್ಳೋಣ. ಎರಡೂ ಹೆಗಲು ಸೇರಿ 210 ಚದರ ಸೆಂಟಿಮೀಟರ್. 9 ಕೆಜಿ ಅದರ ಮೇಲೆ ಸಮನಾಗಿ ಹರಡಿದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 43 ಗ್ರಾಂ. ಫೋಮ್ ಪೂರ್ತಿ ಚಪ್ಪಟೆಯಾಗಿ, ಅದರ ಮೇಲೆ ಹಾದುಹೋಗುವ ಒಂದಿಂಚು ಬೆಲ್ಟೇ ಹೆಗಲಿಗೆ ಒತ್ತಲು ಶುರುವಾದರೆ ಜಾಗ 75 ಚದರ ಸೆಂಟಿಮೀಟರಿಗೆ ಇಳಿಯುತ್ತದೆ, ಒತ್ತಡ 120 ಗ್ರಾಂಗೆ ಏರುತ್ತದೆ. ಬ್ಯಾಗು ಅದೇ, ಭಾರ ಅದೇ, ಒತ್ತಡ ಸುಮಾರು ಮೂರು ಪಟ್ಟು. ಹೆಗಲು ಮೇಜಿನ ಹಾಗೆ ಸಪಾಟಾಗಿಲ್ಲ, ಉಬ್ಬು ತಗ್ಗು ಇದೆ, ಹಾಗಾಗಿ ನಿಜದಲ್ಲಿ ಕೆಲವು ಕಡೆ ಇದಕ್ಕಿಂತಲೂ ಜಾಸ್ತಿ. ಗಿರಿಗದ್ದೆ ದಾರಿಯಲ್ಲಿ ನಿಮಗಾಗಿದ್ದು ಇದು.

ಸೋಫಾ ಸ್ಪಂಜು ಯಾಕೆ ಹಾಗೆ ಸೋತಿತು? ಅದರಲ್ಲಿರುವ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಒತ್ತಿದರೆ ಗಾಳಿ ಪಕ್ಕದ ಗುಳ್ಳೆಗೆ, ಅಲ್ಲಿಂದ ಹೊರಕ್ಕೆ ಓಡುತ್ತದೆ. ಸೋಫಾದಲ್ಲಿ ನಾಲ್ಕೈದು ಇಂಚು ದಪ್ಪ ಇರುತ್ತದೆ, ಕೂರುವ ಜಾಗವೂ ದೊಡ್ಡದು, ಅಲ್ಲಿ ನಡೆಯುತ್ತದೆ. ಒಂದಿಂಚಿನ ಪಟ್ಟಿಯಲ್ಲಿ ಅದು ಹಪ್ಪಳವಾಗುತ್ತದೆ. ಅದೂ ನಿಮ್ಮದು ಹಳೇ ಸೋಫಾದ್ದು, ವರ್ಷಗಟ್ಟಲೆ ಕೂತು ಆಗಲೇ ಅರ್ಧ ಶಕ್ತಿ ಹೋಗಿರುತ್ತದೆ.

ಇನ್ನೊಂದು ಜಾತಿಯ ಫೋಮ್ ಇದೆ. ಅದರಲ್ಲಿ ಪ್ರತಿ ಗುಳ್ಳೆಯೂ ಮುಚ್ಚಿಕೊಂಡಿರುತ್ತದೆ, ಪುಟ್ಟ ಪುಟ್ಟ ಬಲೂನು ಅಂಟಿಸಿಟ್ಟ ಹಾಗೆ. ಒತ್ತಿದರೆ ಗಾಳಿಗೆ ಹೋಗಲು ದಾರಿ ಇಲ್ಲ, ತಿರುಗಿ ಒತ್ತುತ್ತದೆ. ನೀರಿಗೂ ಒಳಗೆ ಬರಲು ದಾರಿ ಇಲ್ಲ. ಅಂಗಡಿಯಲ್ಲಿ ಕ್ಲೋಸ್ಡ್ ಸೆಲ್ ಅಂತ ಕೇಳಿ. ಪಾತ್ರೆ ತೊಳೆಯುವ ಸ್ಪಂಜನ್ನೂ ಮನೆಯಲ್ಲಿ ಹಾಕುವ ಹಗುರ ಚಪ್ಪಲಿಯನ್ನೂ ಒಂದು ಬಕೆಟ್ ನೀರಲ್ಲಿ ಹಾಕಿ ಹಿಂಡಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಹೆಗಲಪಟ್ಟಿಗೆ ಬೇಕಾದದ್ದು ಚಪ್ಪಲಿಯ ಜಾತಿ, ಆದರೆ ಚಪ್ಪಲಿಗಿಂತ ಮೆತ್ತಗಿನದು.

ನಾನೂ ಇದನ್ನು ಕಷ್ಟಪಟ್ಟೇ ಕಲಿತೆ. ಬ್ಯಾಗು ಹೊಲಿಯಲು ಶುರು ಮಾಡಿದ ಹೊಸದರಲ್ಲಿ ಕಾಲೇಜು ಹುಡುಗರಿಗೆ ಅಂತ ಒಂದಷ್ಟು ಬ್ಯಾಗುಗಳಿಗೆ ಅರ್ಧ ಇಂಚಿನ ಮೆತ್ತನೆ ಸ್ಪಂಜು ಹಾಕಿದ್ದೆ. ಮಾರುವಾಗ ಎಲ್ಲರೂ ಪಟ್ಟಿ ಹಿಸುಕಿ ನೋಡಿ ಖುಷಿಪಟ್ಟರು. ಮೂರು ತಿಂಗಳಿಗೆ ಒಂದೊಂದೇ ವಾಪಸ್ ಬಂದವು. ಬಿಚ್ಚಿ ನೋಡಿದರೆ ಒಳಗೆ ಸ್ಪಂಜು ಸುರುಳಿ ಸುತ್ತಿಕೊಂಡು ಒಂದು ಬದಿಗೆ ಸರಿದಿತ್ತು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಹೊಲಿದುಕೊಟ್ಟೆ. ಬೆರಳಿಂದ ಹಿಸುಕಿ ಫೋಮ್ ಆರಿಸುವುದನ್ನು ಅವತ್ತೇ ಬಿಟ್ಟೆ. ಹಿಸುಕುವ ಬೆರಳಿಗೂ ನಾಲ್ಕು ಗಂಟೆ ಭಾರ ಹೊರುವ ಹೆಗಲಿಗೂ ಬೇಕಾದದ್ದು ಬೇರೆ ಬೇರೆ.

ಈಗ ನಿಮಗೆ ಸಿಕ್ಕ ಸಲಹೆಗಳು ಒಂದೊಂದಾಗಿ.

40 ಡೆನ್ಸಿಟಿ. ಇದರಲ್ಲಿ ಅರ್ಧ ನಿಜ ಇದೆ. ಡೆನ್ಸಿಟಿ ಅಂದರೆ ಗಟ್ಟಿತನ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ ಅದು. 40 ಡೆನ್ಸಿಟಿಯಲ್ಲೇ ಮೆತ್ತಗಿನದೂ ಇದೆ, ಗಟ್ಟಿಯದೂ ಇದೆ. ಡೆನ್ಸಿಟಿ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಬಾಳಿಕೆ ಜಾಸ್ತಿ, ಬೇಗ ಕುಸಿಯುವುದಿಲ್ಲ, ಅಷ್ಟು ನಿಜ. ಆದರೆ ಅದೂ ತೆರೆದ ಗುಳ್ಳೆಯ ಸ್ಪಂಜೇ. ಮಲೆನಾಡಿನ ಮಳೆಗೆ ಅದನ್ನು ಒಂದನ್ನೇ ನಂಬಬೇಡಿ. ಅಂಗಡಿಯವರು ಹೇಳಿದ ಡೆನ್ಸಿಟಿ ಸರಿಯೋ ಅಂತ ಮನೆಯಲ್ಲೇ ನೋಡಬಹುದು: 50 ಸೆಂಟಿಮೀಟರ್ ಉದ್ದ, 20 ಅಗಲ, 1 ದಪ್ಪದ ತುಂಡು ಅಂದರೆ ಸರಿಯಾಗಿ ಒಂದು ಲೀಟರ್. ಅದು 40 ಗ್ರಾಂ ತೂಗಬೇಕು. 28 ಗ್ರಾಂ ತೂಗಿದರೆ ನಿಮಗೆ ಕೊಟ್ಟಿದ್ದು 28 ಡೆನ್ಸಿಟಿ.

ಮೆಮೊರಿ ಫೋಮ್ ಬೇಡವೇ ಬೇಡ. ಹೆಸರು ದೊಡ್ಡದು, ಬೆಲೆಯೂ ಜಾಸ್ತಿ. ಅದು ಮೈ ಬಿಸಿಗೆ ಮೆತ್ತಗಾಗಿ ಕರಗಿದ ಹಾಗೆ ಜಾಗ ಬಿಟ್ಟುಕೊಡುತ್ತದೆ, ಚಳಿಯಲ್ಲಿ ಗಟ್ಟಿಯಾಗುತ್ತದೆ, ಒತ್ತಿ ಬಿಟ್ಟರೆ ನಿಧಾನಕ್ಕೆ ಏಳುತ್ತದೆ. ದಿಂಬಿಗೆ ಇದೆಲ್ಲ ಒಳ್ಳೆಯ ಗುಣ. ನಡೆಯುವಾಗ ಬ್ಯಾಗು ಹೆಜ್ಜೆ ಹೆಜ್ಜೆಗೂ ಕುಣಿಯುತ್ತದೆ, ಮುಂದಿನ ಹೆಜ್ಜೆ ಬೀಳುವಷ್ಟರಲ್ಲಿ ಫೋಮ್ ಎದ್ದಿರಬೇಕು. ಇದು ಏಳುವುದಿಲ್ಲ.

ಅಣ್ಣನ ಯೋಗ ಮ್ಯಾಟ್ ಸಲಹೆ ಕೆಟ್ಟದ್ದೇನಲ್ಲ, ಆದರೆ ಯಾವ ಮ್ಯಾಟು ಅನ್ನುವುದರ ಮೇಲಿದೆ. ಅಂಟಂಟಾಗಿ ಭಾರವಾಗಿರುವ ತೆಳು ಪಿವಿಸಿ ಮ್ಯಾಟು ಬೇಡ, ದಪ್ಪಕ್ಕೆ ಸಾಲುವುದಿಲ್ಲ. 10 ಮಿಲಿಮೀಟರ್ ದಪ್ಪದ, ತುಂಬಾ ಮೆತ್ತನೆಯ ರಬ್ಬರಿನಂಥ ಮ್ಯಾಟು ಬರುತ್ತದೆ, ಎನ್‌ಬಿಆರ್ ಅಂತ ಲೇಬಲ್ ಇರುತ್ತದೆ. ಅದು ಉಗುರು ತಾಗಿದರೂ ಹರಿಯುತ್ತದೆ, ಹೊಲಿಗೆಯ ಸೂಜಿ ಹೋದ ಸಾಲಿನಲ್ಲೇ ಸೀಳುತ್ತದೆ. ಇವಿಎ ಅಂತ ಬರೆದಿರುವ ಮ್ಯಾಟು ಸಿಕ್ಕರೆ ಧೈರ್ಯವಾಗಿ ಕತ್ತರಿಸಿ, ಅದು ಆ ಹಗುರ ಚಪ್ಪಲಿಯದೇ ಜಾತಿಯ ಫೋಮ್.

ಗೆಳತಿ ಹೇಳಿದ ಬಿಳಿ ಶೀಟು ಇಪಿಇ ಫೋಮ್. ನೀರು ಕುಡಿಯುವುದಿಲ್ಲ, ಪುಕ್ಕಟೆ ಸಿಗುತ್ತದೆ, ಮುಟ್ಟಿದರೆ ಗಟ್ಟಿಯಾಗೂ ಇದೆ. ಹಾಗಾಗಿ ಮೋಸ ಹೋಗುವುದು ಸುಲಭ. ಟಿವಿಯನ್ನು ಒಂದೆರಡು ಸಲ ಬೀಳುವ ಪೆಟ್ಟಿನಿಂದ ಕಾಪಾಡುವುದಕ್ಕೆ ಮಾಡಿದ ಸಾಮಾನು ಅದು. ದಿನವೂ ಬಗ್ಗಿಸಿ ಒತ್ತಿದರೆ ಗುಳ್ಳೆಗಳು ಒಡೆದು ಗೆರೆ ಬೀಳುತ್ತದೆ, ಆ ಗೆರೆಯಲ್ಲೇ ಮಡಚಿಕೊಳ್ಳುತ್ತದೆ. ಒಂದು ದಿನದ ಅಳತೆ ನೋಡುವ ಮಾದರಿಗೆ ಹಾಕಿ. ಅಸಲಿ ಪಟ್ಟಿಗೆ ಬೇಡ.

ಹಾಗಾದರೆ ಏನು ಹಾಕಬೇಕು? ನಾನು ಇಷ್ಟು ವರ್ಷ ಹಾಕುತ್ತಾ ಬಂದಿರುವುದು ಎರಡೇ. ಒಂದು ಇವಿಎ ಶೀಟು. ಇನ್ನೊಂದು ಎಕ್ಸ್‌ಎಲ್‌ಪಿಇ, ಅಂದರೆ ಆ ಬಿಳಿ ಶೀಟಿನದೇ ಪ್ಲಾಸ್ಟಿಕ್ಕು, ಆದರೆ ಅದರ ಎಳೆಗಳನ್ನು ಒಂದಕ್ಕೊಂದು ಗಂಟು ಹಾಕಿ ಬಲಪಡಿಸಿದ್ದು, ಗುಳ್ಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗಿರುತ್ತವೆ, ಮೈ ನುಣುಪಾಗಿರುತ್ತದೆ. ಟೆಂಟಿನಲ್ಲಿ ಹಾಸಿ ಮಲಗುವ ಸುರುಳಿ ಮ್ಯಾಟುಗಳು ಹೆಚ್ಚಾಗಿ ಇವೆರಡರಲ್ಲಿ ಒಂದು. ಅಂಥ ಒಂದು ಮ್ಯಾಟು ತಂದರೆ ಐದಾರು ಬ್ಯಾಗಿಗೆ ಸಾಕಾಗಿ ಮಿಗುತ್ತದೆ. ಊರಲ್ಲಿ ಸಿಗದಿದ್ದರೆ ಮಕ್ಕಳು ಆಡಲು ನೆಲಕ್ಕೆ ಜೋಡಿಸುವ ಬಣ್ಣದ ಚೌಕಗಳು ಬರುತ್ತವಲ್ಲ, ಅವೂ ಹೆಚ್ಚಾಗಿ ಇವಿಎ. ಆದರೆ ಆ ಅಗ್ಗದ ಚೌಕಗಳಿಗೆ ಘಾಟು ವಾಸನೆ ಇರುತ್ತದೆ. ಇವಿಎ ಉಬ್ಬಿಸುವಾಗ ಉಳಿಯುವ ಫಾರ್ಮಮೈಡ್ ಎನ್ನುವ ರಾಸಾಯನಿಕಕ್ಕೆ ಯುರೋಪಿನಲ್ಲಿ ಮಿತಿ ಹಾಕಿದ್ದಾರೆ. ಅದಕ್ಕೇ ಹೊಸ ಶೀಟನ್ನು ವಾಸನೆ ಹೋಗುವ ತನಕ ನೆರಳಲ್ಲಿ, ಗಾಳಿ ಆಡುವ ಕಡೆ ಕೆಲವು ದಿನ ಹರಡಿಡಿ. ಹೋಗದಿದ್ದರೆ ಆ ಶೀಟು ಬೇಡ, ಮುಖ್ಯವಾಗಿ ಮಗನ ಬ್ಯಾಗಿಗೆ ಬೇಡ. ಬೆಂಗಳೂರಿಗೆ ಬರುವುದಿದ್ದರೆ ಜೆ.ಸಿ. ರಸ್ತೆಯ ಕಾರ್ ಸೀಟು, ರೆಕ್ಸಿನ್ ಅಂಗಡಿಗಳ ಸಾಲಿನಲ್ಲಿ ವಿಚಾರಿಸಿ. ಹುಬ್ಬಳ್ಳಿಯಲ್ಲಾದರೆ ಚಪ್ಪಲಿ ಮಾಡುವವರಿಗೆ ಸಾಮಾನು ಮಾರುವ ಅಂಗಡಿ ಹುಡುಕಿ. ಅಲ್ಲಿ ಅಟ್ಟೆಗೆ ಹಾಕುವ ಗಟ್ಟಿ ಶೀಟು ಕೊಟ್ಟಾರು, ಅದು ಬೇಡ. ಮೇಲಿನ ಮೆತ್ತೆಗೆ ಹಾಕುವುದು ಕೇಳಿ.

ಇವುಗಳಲ್ಲೂ ತೊಂದರೆ ಇಲ್ಲ ಅಂತಲ್ಲ. ಗಾಳಿ ಆಡುವುದಿಲ್ಲ, ಬೆವರು ಅಲ್ಲೇ ನಿಲ್ಲುತ್ತದೆ. ಇವಿಎ ಬಿಸಿ ತಾಳುವುದಿಲ್ಲ. ಬಿಸಿಲಲ್ಲಿ ಬಿಟ್ಟ ಚಪ್ಪಲಿ ಕುಗ್ಗಿ ಚಿಕ್ಕದಾಗುವುದನ್ನು ನೋಡಿರುತ್ತೀರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಗು ಬಿಟ್ಟರೆ ಪಟ್ಟಿಗೂ ಅದೇ ಗತಿ. ಇಸ್ತ್ರಿ ಪೆಟ್ಟಿಗೆ ಹತ್ತಿರಕ್ಕೂ ತರಬೇಡಿ. ಇನ್ನು ತುಂಬಾ ಗಟ್ಟಿ ಶೀಟು ಆರಿಸಿದರೆ ಅದು ಹೆಗಲಿನ ತಿರುವಿಗೆ ಬಗ್ಗದೆ ಎರಡು ಅಂಚಿನ ಮೇಲೆ ನಿಲ್ಲುತ್ತದೆ. ಆಗ ಅಂಚೇ ಕೊಯ್ಯುತ್ತದೆ, ನೋವು ಮೊದಲಿಗಿಂತ ಜಾಸ್ತಿ.

ಕೊಳ್ಳುವ ಮುಂಚೆ ಒಂದು ತುಂಡು ಕೇಳಿ ತನ್ನಿ, ಕೊಡುತ್ತಾರೆ. ಹೆಬ್ಬೆರಳಲ್ಲಿ ಜೋರಾಗಿ ಒತ್ತಿ: ಅರ್ಧದಷ್ಟು ತಗ್ಗಿ ಅಲ್ಲಿಗೆ ನಿಂತರೆ ಒಳ್ಳೆಯದು, ಕೆಳಗಿನ ಮೇಜು ಬೆರಳಿಗೆ ತಾಗಿದರೆ ಬೇಡ, ತಗ್ಗಲೇ ಇಲ್ಲ ಅಂದರೂ ಬೇಡ. ಪೂರ್ತಿ ಮಡಚಿ ಹಿಡಿದು ಬಿಡಿ, ಮಡಿಕೆಯ ಗೆರೆ ಹಾಗೇ ಉಳಿದರೆ ಬೇಡ. ಕೊನೆಗೆ ಒಂದು ತುಂಡನ್ನು ಎರಡು ಹಲಗೆ ನಡುವೆ ಇಟ್ಟು ಅರ್ಧ ದಪ್ಪಕ್ಕೆ ಬರುವ ಹಾಗೆ ಬಿಗಿಯಾಗಿ ಕಟ್ಟಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬಿಚ್ಚಿ, ಅರ್ಧ ಗಂಟೆ ಬಿಟ್ಟು ಸ್ಕೇಲಿನಲ್ಲಿ ಅಳೆಯಿರಿ. 10 ಮಿಲಿಮೀಟರ್ ಇದ್ದದ್ದು ತಿರುಗಿ 9ರ ಹತ್ತಿರ ಬಂದಿದ್ದರೆ ಕಣ್ಣು ಮುಚ್ಚಿ ಕೊಳ್ಳಿ. 6ಕ್ಕೆ ನಿಂತಿದ್ದರೆ ಒಂದು ಮಳೆಗಾಲದೊಳಗೆ ಅದು ಪಟ್ಟಿಯಲ್ಲೂ ಸತ್ತಿರುತ್ತದೆ. ಕಾರ್ಖಾನೆಗಳಲ್ಲೂ ಫೋಮ್ ಪರೀಕ್ಷೆ ಮಾಡುವ ದಾರಿ ಇದೇ. ಅವರು ಬಿಸಿ ಪೆಟ್ಟಿಗೆಯಲ್ಲಿಟ್ಟು 22 ಗಂಟೆ ಒತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ದಪ್ಪ ಎಷ್ಟು? ನೀವು ಒಂದಿಂಚು ಹಾಕಿದ್ದಿರಿ, ದಪ್ಪವಾದಷ್ಟೂ ಒಳ್ಳೆಯದು ಅನ್ನುವ ಲೆಕ್ಕದಲ್ಲಿ. ಇಲ್ಲೊಂದು ಸೂಕ್ಷ್ಮ ಇದೆ. ಪಟ್ಟಿ ಹೆಗಲ ಮೇಲೆ ಕಮಾನಿನ ಹಾಗೆ ಬಗ್ಗುತ್ತದೆ. ಒಳಮೈ ಚಿಕ್ಕ ಸುತ್ತು, ಹೊರಮೈ ದೊಡ್ಡ ಸುತ್ತು. ಹೆಗಲಿನ ತಿರುವನ್ನು 6 ಸೆಂಟಿಮೀಟರ್ ತ್ರಿಜ್ಯದ್ದು ಅಂತ ಹಿಡಿದರೆ, 1 ಸೆಂಟಿಮೀಟರ್ ದಪ್ಪದ ಪಟ್ಟಿಯ ಹೊರಮೈ ಒಳಮೈಗಿಂತ ನೂರಕ್ಕೆ 17ರಷ್ಟು ಉದ್ದ ಇರಬೇಕು. 2 ಸೆಂಟಿಮೀಟರ್ ದಪ್ಪ ಮಾಡಿದರೆ ನೂರಕ್ಕೆ 33. ಅಷ್ಟು ಉದ್ದ ಎಲ್ಲಿಂದ ಬರಬೇಕು? ಒಳಮೈ ಸುಕ್ಕುಗಟ್ಟಿ ಮಡಚಿಕೊಳ್ಳುತ್ತದೆ, ಆ ಮಡಿಕೆ ಕಾಲರ್ ಮೂಳೆಗೆ ಒತ್ತುತ್ತದೆ. 8ರಿಂದ 10 ಕೆಜಿ ಹೊರುವ ಬ್ಯಾಗಿಗೆ 8ರಿಂದ 10 ಮಿಲಿಮೀಟರ್ ಗಟ್ಟಿ ಫೋಮ್ ಸಾಕು. 15 ದಾಟಬೇಡಿ. ಫೋಮ್‌ನಿಂದ ಬ್ಯಾಗು ಭಾರವಾಗುತ್ತದೆ ಅನ್ನುವ ಚಿಂತೆಯೂ ಬೇಡ: 45 ಸೆಂಟಿಮೀಟರ್ ಉದ್ದ, 7 ಅಗಲ, 1 ದಪ್ಪದ ಎರಡು ಪಟ್ಟಿ ಸೇರಿ 630 ಘನ ಸೆಂಟಿಮೀಟರ್. 50 ಡೆನ್ಸಿಟಿಯ ಫೋಮ್ ಹಾಕಿದರೆ 32 ಗ್ರಾಂ, 100 ಡೆನ್ಸಿಟಿ ಹಾಕಿದರೆ 63 ಗ್ರಾಂ. ಅದೇ ಅಳತೆಯ ಸ್ಪಂಜು ಒಣಗಿದ್ದಾಗ ಬರೀ 20 ಗ್ರಾಂ ಇರಬಹುದು, ಆದರೆ ಮಳೆಯಲ್ಲಿ ಅದರೊಳಗೆ ಅರ್ಧ ಕೆಜಿಗೂ ಜಾಸ್ತಿ ನೀರಿಗೆ ಜಾಗ ಇದೆ. ನಿಮ್ಮ ಪಟ್ಟಿ ಒಂದಿಂಚಿನದು, ಅಂದರೆ ಅದರ ಎರಡೂವರೆ ಪಟ್ಟು. ಎರಡು ದಿನ ಒಣಗದೆ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಗಟ್ಟಿ ಫೋಮ್ ಒಂದೇ ಹಾಕಲು ಮನಸ್ಸಾಗದಿದ್ದರೆ ಎರಡು ಪದರ ಮಾಡಿ. ನಾನು ನನಗೆ ಹೊಲಿದುಕೊಂಡಿರುವುದೂ ಹಾಗೆಯೇ. ಹೊರಗಡೆ 8 ಮಿಲಿಮೀಟರ್ ಇವಿಎ, ಮೈ ತಾಗುವ ಕಡೆ ಏರ್‌ಮೆಶ್, ಅಂದರೆ ಸ್ಪೋರ್ಟ್ಸ್ ಶೂಗಳಲ್ಲಿ, ಕಾರ್ ಸೀಟ್ ಕವರಿನಲ್ಲಿ ಬರುವ ದಪ್ಪ ಜಾಲರಿ ಬಟ್ಟೆ. ಅದು ಎರಡು ಜಾಲರಿ ನಡುವೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಗಳನ್ನು ಕಂಬದ ಹಾಗೆ ನಿಲ್ಲಿಸಿ ನೇಯ್ದದ್ದು, ಮೂರ್ನಾಲ್ಕು ಮಿಲಿಮೀಟರ್ ದಪ್ಪ ಇರುತ್ತದೆ. ಬೆವರಿಗೆ ಸ್ವಲ್ಪ ದಾರಿ ಸಿಗುತ್ತದೆ, ನೀರು ಕೊಡವಿದರೆ ಹೋಗುತ್ತದೆ. ಕೊಳ್ಳುವಾಗ ಕೆನ್ನೆಗೆ ಉಜ್ಜಿ ನೋಡಿ, ಕೆಲವು ಒರಟಾಗಿರುತ್ತವೆ, ತೆಳು ಕುರ್ತಾ ಹಾಕಿದ ಹೆಗಲನ್ನು ಅವು ಕೆರೆದುಬಿಡುತ್ತವೆ. ಎರಡು ಪದರ ಮಾಡುವಾಗ ಮೆತ್ತನೆಯದು ಯಾವತ್ತೂ ಮೈ ಕಡೆ, ಗಟ್ಟಿಯದು ಬೆಲ್ಟಿನ ಕಡೆ. ತಿರುವುಮುರುವಾದರೆ ಬೆಲ್ಟು ಮೆತ್ತನೆ ಪದರದೊಳಗೆ ಹೂತುಹೋಗುತ್ತದೆ, ಗಟ್ಟಿಯದರ ಅಂಚು ಮೈಗೆ ಬರುತ್ತದೆ.

ಕೆಲವರು ಕಂಬಳಿ ಹಾಕಬಹುದಾ ಅಂತ ಕೇಳುತ್ತಾರೆ. ನಮ್ಮ ಕುರಿ ಉಣ್ಣೆಯ ಕಂಬಳಿ ನಿಜಕ್ಕೂ ಒಳ್ಳೆಯ ಸಾಮಾನು, ಮೂರ್ನಾಲ್ಕು ಪದರ ಸೇರಿಸಿ ಒತ್ತಾಗಿ ಹೊಲಿದರೆ ವರ್ಷಗಟ್ಟಲೆ ಚಪ್ಪಟೆಯಾಗುವುದಿಲ್ಲ. ಬಯಲುಸೀಮೆಯ ಒಣ ಊರಲ್ಲಿ ದಿನದ ಬಳಕೆಗೆ ನಾನು ಸಂತೋಷವಾಗಿ ಹಾಕಿಕೊಡುತ್ತೇನೆ. ಶಿರಸಿಯ ಮಳೆಗೆ ಬೇಡ, ನೆಂದರೆ ತುಂಬಾ ಭಾರ, ಒಣಗುವುದು ನಿಧಾನ.

ಹೊಲಿಗೆ ನಿಮಗೆ ಗೊತ್ತಿರುವುದೇ, ಆದರೂ ಬ್ಲೌಸಿಗೂ ಇದಕ್ಕೂ ಇರುವ ವ್ಯತ್ಯಾಸ ಹೇಳುತ್ತೇನೆ. ನಿಮ್ಮ ಪಟ್ಟಿ ಕತ್ತಿಗೆ ಒತ್ತಿತು ಅಂದಿರಿ. ಅದು ಫೋಮ್‌ನ ತಪ್ಪಷ್ಟೇ ಅಲ್ಲ, ಪಟ್ಟಿಯನ್ನು ನೇರವಾಗಿ ಕತ್ತರಿಸಿದ್ದೀರಿ ಅಂತ ನನ್ನ ಅಂದಾಜು. ಹೆಗಲಿನಿಂದ ಇಳಿದು ಎದೆಯ ಪಕ್ಕದಿಂದ ಕಂಕುಳ ಕೆಳಗೆ ಹೋಗುವ ದಾರಿ ನೇರ ಇಲ್ಲ, ಹೆಂಗಸರಿಗಂತೂ ಇನ್ನೂ ಬಾಗು. ಪಟ್ಟಿ ಇಂಗ್ಲಿಷಿನ ಎಸ್ ಅಕ್ಷರವನ್ನು ಸ್ವಲ್ಪ ಎಳೆದ ಹಾಗೆ ಇರಬೇಕು. ಹಳೇ ನ್ಯೂಸ್ ಪೇಪರು ಹೆಗಲಿಗೆ ಹಾಕಿ, ಮನೆಯವರ ಹತ್ತಿರ ಪೆನ್ನಲ್ಲಿ ಗೆರೆ ಹಾಕಿಸಿಕೊಳ್ಳಿ. ನಿಮ್ಮ ಹೆಗಲು ಕಿರಿದಾಗಿದ್ದರೆ ಅಗಲ 6 ಸೆಂಟಿಮೀಟರ್ ಸಾಕು, 7 ಬೇಕಿಲ್ಲ. ಮೇಲುಗಡೆ ಬ್ಯಾಗಿಗೆ ಸೇರುವಲ್ಲಿ ಎರಡು ಪಟ್ಟಿಯ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಮೆತ್ತೆ ಇರುವ ಭಾಗ ಕಂಕುಳಿಂದ ಒಂದು ಅಂಗೈ ಕೆಳಗೆ ಮುಗಿಯಬೇಕು, ಪ್ಲಾಸ್ಟಿಕ್ ಅಡ್ಜಸ್ಟರ್ ಕಂಕುಳಿಗೆ ಬಂದರೆ ತೋಳು ಬೀಸಿದಾಗೆಲ್ಲ ಕೆರೆಯುತ್ತದೆ.

ಫೋಮ್ ತುಂಡನ್ನು ಹೊಲಿಗೆ ಗೆರೆಗಿಂತ ಎರಡೂ ಕಡೆ 3 ಮಿಲಿಮೀಟರ್ ಕಿರಿದಾಗಿ ಕೊಯ್ಯಿರಿ, ಅಂಚನ್ನು ಹೊಸ ಬ್ಲೇಡಿನಲ್ಲಿ ಓರೆಯಾಗಿ ಸವರಿ. ಈ ಓರೆ ಮಾಡುವ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಬೇಜಾರಿನ ಕೆಲಸ, ಆದರೆ ಕತ್ತಿಗೆ ಅಂಚು ಒತ್ತುವುದು ನಿಲ್ಲುವುದು ಇದರಿಂದಲೇ. ಫೋಮ್ ಮೂಲಕ ಸೂಜಿ ಓಡಿಸಬೇಡಿ. ಹೊಲಿಗೆ ಎಳೆದಲ್ಲಿ ಫೋಮ್ ಒತ್ತಿಹೋಗಿ ತೆಳುವಾಗುತ್ತದೆ. ಮುಚ್ಚಿದ ಗುಳ್ಳೆಯ ಫೋಮ್ ಸೂಜಿಯನ್ನು ಹಿಡಿದುಕೊಳ್ಳುತ್ತದೆ ಕೂಡ, ಮಾಮೂಲಿ ಕಾಲುಮಷಿನ್ನಿನಲ್ಲಿ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ಬಟ್ಟೆಯನ್ನು ಮೊದಲೇ ಕೊಳವೆಯ ಹಾಗೆ ಹೊಲಿದು, ತಿರುವಿ, ಆಮೇಲೆ ಫೋಮ್ ತೂರಿಸಿ. ಗಟ್ಟಿ ಫೋಮ್ ಬಟ್ಟೆಗೆ ಕಚ್ಚಿಕೊಂಡು ಒಳಗೆ ಹೋಗುವುದಿಲ್ಲ, ಅದಕ್ಕೆ ಉಪಾಯ ಇದೆ: ತೆಳು ಪ್ಲಾಸ್ಟಿಕ್ ಕವರಿನಲ್ಲಿ ಫೋಮ್ ಸುತ್ತಿ ತೂರಿಸಿ, ಜಾಗಕ್ಕೆ ಕೂತ ಮೇಲೆ ಕವರನ್ನು ಎಳೆದು ತೆಗೆಯಿರಿ. ಬೆಣ್ಣೆಯಲ್ಲಿ ಜಾರಿದ ಹಾಗೆ ಹೋಗುತ್ತದೆ. ಅಂಟು ಹಾಕುವ ಯೋಚನೆ ಇದ್ದರೆ ಬಿಡಿ, ಎಕ್ಸ್‌ಎಲ್‌ಪಿಇಗೆ ಅಂಟು ಸರಿಯಾಗಿ ಹಿಡಿಯುವುದೂ ಇಲ್ಲ, ಆ ಸೊಲ್ಯೂಷನ್ನಿನ ಹೊಗೆ ಮನೆಯೊಳಗೆ ಒಳ್ಳೆಯದೂ ಅಲ್ಲ.

ಎಲ್ಲಕ್ಕಿಂತ ಮುಖ್ಯ, ಒಂದಿಂಚಿನ ಬೆಲ್ಟು ಪಟ್ಟಿಯ ಹೊರಮೈ ಮೇಲೆ ಕೆಳಗಿನ ಅಡ್ಜಸ್ಟರಿನಿಂದ ಮೇಲಿನ ತುದಿಯ ತನಕ ಒಂದೇ ಉದ್ದಕ್ಕೆ ಹೋಗಿ ಬ್ಯಾಗಿಗೆ ಸೇರಬೇಕು. ಅದನ್ನು ಹೊರಬಟ್ಟೆಗೆ ಮುಂಚೆಯೇ ಹೊಲಿದುಕೊಳ್ಳಿ, ಕೊಳವೆ ಮಾಡುವುದು ಆಮೇಲೆ. ಎರಡೂ ತುದಿಯಲ್ಲಿ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಗುಣಾಕಾರದ ಗುರುತಿನ ಹಾಗೆ ಹೊಲಿಯಿರಿ. 16 ಅಥವಾ 18ನೇ ನಂಬರಿನ ಸೂಜಿ, ಪಾಲಿಯೆಸ್ಟರ್ ದಾರ. ಬ್ಲೌಸಿಗೆ ಹಾಕುವ ಹತ್ತಿ ದಾರ ಒಂದೆರಡು ಮಳೆಗಾಲದಲ್ಲಿ ಕೊಳೆಯುತ್ತದೆ. ಮನೆಯಲ್ಲಿ ಹೊಲಿದ ಬ್ಯಾಗುಗಳು ರಿಪೇರಿಗೆ ಬಂದಾಗ ನಾನು ಹೆಚ್ಚಾಗಿ ನೋಡುವುದು ಫೋಮ್ ಹಾಳಾಗಿದ್ದಲ್ಲ. ಬೆಲ್ಟನ್ನು ಪಟ್ಟಿಯ ತುದಿಗೆ ಮಾತ್ರ ಹೊಲಿದು, ಬಟ್ಟೆಯೇ ಇಡೀ ಭಾರ ಹೊತ್ತು ಹರಿದಿರುತ್ತದೆ.

9 ಕೆಜಿ ಹೊತ್ತು ಕುಮಾರ ಪರ್ವತ ಹತ್ತುವುದಿದ್ದರೆ ಸೊಂಟಪಟ್ಟಿಯೂ ಹಾಕಿ. 1,712 ಮೀಟರ್ ಎತ್ತರದ ಬೆಟ್ಟ ಅದು, ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ದಿನವಿಡೀ ಏರು. ಎಷ್ಟೇ ಒಳ್ಳೆಯ ಫೋಮ್ ಹಾಕಿದರೂ ಅಷ್ಟು ಹೊತ್ತು ಇಡೀ ಭಾರ ಹೆಗಲಿನ ಮೇಲೇ ಇರುವುದು ಸರಿಯಲ್ಲ. ಎದೆಗೆ ಅಡ್ಡ ಒಂದು ಸಣ್ಣ ಬೆಲ್ಟು ಇದ್ದರೆ ಪಟ್ಟಿ ತೋಳಿನ ಕಡೆ ಜಾರುವುದಿಲ್ಲ. ಬೆರಳು ಜುಮ್ ಅಂದ ನಿಮಗೆ ಇವೆರಡೂ ಬೇಕು ಅಂತಲೇ ನನ್ನ ಸಲಹೆ.

ಅಸಲಿ ಪಟ್ಟಿಗಳನ್ನೇ ನೇರವಾಗಿ ಹೊಲಿದು ಮುಗಿಸಬೇಡಿ. ಮೊದಲು ಹಳೇ ಬಟ್ಟೆಯಲ್ಲಿ ಒಂದು ಜೊತೆ ಹೊಲಿದು, ಬ್ಯಾಗಿಗೆ ದೊಡ್ಡ ದೊಡ್ಡ ಹೊಲಿಗೆಯಲ್ಲಿ ಕಚ್ಚಿಸಿ, 9 ಕೆಜಿ ಅಕ್ಕಿ ತುಂಬಿಕೊಂಡು ತೋಟದಲ್ಲಿ ಒಂದು ಗಂಟೆ ಓಡಾಡಿ. ಐದು ನಿಮಿಷ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ, ನಿಮ್ಮ ಸೋಫಾ ಸ್ಪಂಜೂ ಐದು ನಿಮಿಷ ಚೆನ್ನಾಗಿಯೇ ಇತ್ತು. ಒಂದು ಗಂಟೆ ಆದ ಮೇಲೆ ಕನ್ನಡಿಯಲ್ಲಿ ಹೆಗಲು ನೋಡಿ. ಕೆಂಪು ಬಣ್ಣ ಪಟ್ಟಿಯಷ್ಟು ಅಗಲಕ್ಕೆ ತೆಳುವಾಗಿ ಹರಡಿದ್ದರೆ ಸರಿಯಾಗಿದೆ. ಗೆರೆಯ ಹಾಗಿದ್ದರೆ ಆ ಗೆರೆ ಎಲ್ಲಿದೆ ನೋಡಿ: ನಡುವೆ ಇದ್ದರೆ ಫೋಮ್ ಮೆತ್ತಗಾಯಿತು, ಅಂಚಲ್ಲಿದ್ದರೆ ಫೋಮ್ ಗಟ್ಟಿಯಾಯಿತು ಅಥವಾ ಪಟ್ಟಿಯ ಆಕಾರ ತಪ್ಪಿತು.

ಮಗನ ಬ್ಯಾಗಿಗೆ ಇದೇ ಫೋಮ್ ನಡೆಯುತ್ತದೆ, ಆದರೆ 5 ಅಥವಾ 6 ಮಿಲಿಮೀಟರಿನದು, ಸ್ವಲ್ಪ ಮೆತ್ತಗಿನದು. ಪಟ್ಟಿ 5 ಸೆಂಟಿಮೀಟರ್ ಅಗಲ ಸಾಕು. ಮಗುವಿನ ಹೆಗಲು ಚಿಕ್ಕದು, ಅಗಲ ಪಟ್ಟಿ ಹಾಕಿದರೆ ಕತ್ತಿಗೂ ತೋಳಿಗೂ ತಾಗಿ ಜಾರುತ್ತದೆ. ಆದರೆ ಮಕ್ಕಳ ಬ್ಯಾಗಿನಲ್ಲಿ ಫೋಮ್‌ಗಿಂತ ತೂಕದ ಮಾತು ಮೊದಲು ಬರಬೇಕು. ನಮ್ಮ ರಾಜ್ಯದಲ್ಲಿ 2019ರಲ್ಲೇ ಆದೇಶ ಆಗಿದೆ: ಒಂದು, ಎರಡನೇ ತರಗತಿಗೆ ಒಂದೂವರೆಯಿಂದ 2 ಕೆಜಿ, ಮೂರರಿಂದ ಐದಕ್ಕೆ 2ರಿಂದ 3, ಆರರಿಂದ ಎಂಟಕ್ಕೆ 3ರಿಂದ 4, ಒಂಬತ್ತು ಹತ್ತಕ್ಕೆ 4ರಿಂದ 5 ಕೆಜಿ. ಕೇಂದ್ರದ 2020ರ ನೀತಿಯೂ ಮಗುವಿನ ತೂಕದ ಹತ್ತನೇ ಒಂದು ಭಾಗ ದಾಟಬಾರದು ಅನ್ನುತ್ತದೆ. ಮಗ ಯಾವ ತರಗತಿ ಅಂತ ನೀವು ಬರೆದಿಲ್ಲ. ಪುಸ್ತಕ, ಡಬ್ಬಿ, ನೀರಿನ ಬಾಟಲಿ ಎಲ್ಲ ಸೇರಿಸಿ ಒಮ್ಮೆ ಅಂಗಡಿ ತಕ್ಕಡಿಯಲ್ಲಿ ತೂಗಿಸಿ ನೋಡಿ. ಜಾಸ್ತಿ ಇದ್ದರೆ ಫೋಮ್ ಹುಡುಕುವ ಮುಂಚೆ ಶಾಲೆಯಲ್ಲಿ ಮಾತಾಡಿ. ಹೊಸ ಬ್ಯಾಗಿನ ಖಾಲಿ ತೂಕ ಅರ್ಧ ಕೆಜಿ ದಾಟದ ಹಾಗೆ ಬಟ್ಟೆ ಆರಿಸಿಕೊಳ್ಳಿ, ಒಳಗೆ ಸುಮ್ನೆ ಖಾನೆಗಳನ್ನು ಹೆಚ್ಚಿಸಬೇಡಿ.